ಒಂದೇ ಬಾಯಿಯ ಸಾಕ್ಷಿ

ಗಲಿಲಾಯ ಸರೋವರದ ದಂಡೆಯಲ್ಲಿ ಮೀನುಗಾರರ ಓಣಿ ಮುಗಿಯುವ ಕಡೆ ಒಂದು ಅತ್ತಿಮರವಿತ್ತು. ಯೆಹೂದ್ಯ ಗುರು ಪೂಜ್ಯ ರಬ್ಬಿ ಎಲ್ಯಾಷೀಬರ ಗುರುಕುಲವೆಂದರೆ ಆ ಮರದ ನೆರಳು, ಅಷ್ಟೇ. ಗೋಡೆಯಿಲ್ಲ, ಬಾಗಿಲಿಲ್ಲ, ಹುಡುಕಿದರೂ ಒಂದು ಪುಸ್ತಕ ಸಿಕ್ಕುತ್ತಿರಲಿಲ್ಲ. ಆ ಮಹಾನುಭಾವರು ನಾರಿನ ಹಗ್ಗ ಹೊಸೆದು ಹೊಟ್ಟೆ ಹೊರೆಯುತ್ತಿದ್ದರು. ಕೈ ಹಗ್ಗ ಹೊಸೆಯುತ್ತಿದ್ದರೆ ಬಾಯಿ ಶಾಸ್ತ್ರ ಹೇಳುತ್ತಿತ್ತು; ಸುತ್ತ ಕುಳಿತ ಶಿಷ್ಯರು ಅದನ್ನು ಹಾಗೆಹಾಗೇ ತಿರುಗಿ ಹೇಳಿ ಕಂಠಪಾಠ ಮಾಡುತ್ತಿದ್ದರು.

ಇದೇನು ಪುಸ್ತಕವಿಲ್ಲದ ಶಾಸ್ತ್ರ ಎಂದು ಭಕ್ತರು ಹುಬ್ಬೇರಿಸಬಾರದು. ವೇದವನ್ನು ಗುರುಮುಖದಿಂದಲೇ ಕಲಿಯಬೇಕು ಎಂದ ನೆಲ ನಮ್ಮದು. ಯೆಹೂದ್ಯರಲ್ಲೂ ಹಾಗೆಯೇ. ಮೋಶೆಯ ಧರ್ಮಶಾಸ್ತ್ರ ಸುರುಳಿಯಲ್ಲಿ ಬರೆದದ್ದು. ಅದನ್ನು ಬಾಳಿಗೆ ಹೇಗೆ ಹೊಂದಿಸಬೇಕೆಂಬುದು ಮಾತ್ರ ಬರೆಯದ್ದು, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು. ರೋಮಿನವರು ಯೆರೂಸಲೇಮನ್ನು ಸುಟ್ಟಾಗ ಎಷ್ಟೋ ಗುರುಗಳು ಬೆಂದುಹೋದರು, ಅವರ ಬಾಯಲ್ಲಿದ್ದ ಶಾಸ್ತ್ರವೂ ಅವರೊಂದಿಗೇ ಹೋಯಿತು. ಉಳಿದ ಕೆಲವೇ ಬಾಯಿಗಳಲ್ಲಿ ನಮ್ಮ ರಬ್ಬಿಗಳದೂ ಒಂದು.

ಆ ಊರಿನಲ್ಲಿ ಪೆದಾಯ ಎಂಬ ಲಿಪಿಕಾರನಿದ್ದ. ಮೋಶೆಯ ಸುರುಳಿಗಳನ್ನು ನಕಲು ಮಾಡುವುದು ಅವನ ಕಸುಬು. ಒಂದಕ್ಷರ ತಪ್ಪಿದರೆ ಇಡೀ ಹಾಳೆಯನ್ನೇ ತೆಗೆದು ಹೂಳುವಷ್ಟು ಕಟ್ಟುನಿಟ್ಟಿನ ಮನುಷ್ಯ. ಅವನ ಒಬ್ಬಳೇ ಮಗಳು ಶೆಲೋಮೀತ. ಅವಳ ಗಂಡ ಮತ್ತನ್ಯ, ಹಿಂದೆ ಮುಂದೆ ಯಾರೂ ಇಲ್ಲದವನು, ಒಣಮೀನು ಮಾರಲು ದಮಸ್ಕದ ದಾರಿ ಹಿಡಿದವನು ಹಿಂದಿರುಗಲೇ ಇಲ್ಲ. ವರ್ಷಗಳು ಉರುಳಿದವು. ಸತ್ತನೆಂದು ಗೊತ್ತಾದರೆ ಅತ್ತು ಹಗುರಾಗಬಹುದು, ಮರುಮದುವೆಯಾಗಬಹುದು. ಬದುಕಿದ್ದಾನೆಂದರೆ ಕಾಯಬಹುದು. ಇದು ಎರಡೂ ಅಲ್ಲ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಹರೆಯದ ಹೆಣ್ಣು ಅಪ್ಪನ ಮನೆಯ ಬೀಸುವ ಕಲ್ಲಿನ ಮುಂದೆ ಸವೆಯುತ್ತಿದ್ದಳು, ಅದನ್ನು ನೋಡಿ ಅಪ್ಪನೂ ಸವೆಯುತ್ತಿದ್ದ.

ಒಂದು ದಿನ ಮಧ್ಯಾಹ್ನ ಗುರುಗಳ ಮರದಡಿಗೆ ಒಬ್ಬ ದಾರಿಹೋಕ ಬಂದ. ಹಣೆ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಹೆಸರು ಮೆನಹೇಮ, ಚರ್ಮದ ಚೀಲ ಹೊಲಿಯುವವನು, ನಜರೇಯ ಪಂಗಡದವನು. ನಜರೇಯರೆಂದರೆ ಯೇಸುವನ್ನು ದೇವರು ಕಳಿಸಿದ ಅಭಿಷಿಕ್ತನೆಂದು ನಂಬಿದ ಯೆಹೂದ್ಯರು. ಆ ಕಾಲಕ್ಕೆ ಅವರದೇ ಬೇರೆ ಮನೆಯೆಂದು ಇನ್ನೂ ಆಗಿರಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು ನಡುಮನೆಯಲ್ಲಿ ಗೋಡೆ ಎಬ್ಬಿಸತೊಡಗಿದ್ದರು. ಆ ಊರಂತೂ ನಜರೇಯರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿತ್ತು. ಇವನನ್ನು ಊರಬಾಗಿಲಲ್ಲೇ ಯಾರೋ ಕಲ್ಲೆಸೆದು ಸ್ವಾಗತಿಸಿದ್ದರು.

ಗುರುಗಳು ಹಗ್ಗ ಕೆಳಗಿಟ್ಟು ಎದ್ದರು. ತಾವೇ ಗಾಯ ತೊಳೆದರು. ರೊಟ್ಟಿ ಮುಂದಿಟ್ಟು, ಹಿರಿಯರ ಸಂಪ್ರದಾಯದಂತೆ ಕೈಮೇಲೆ ನೀರು ಹೊಯ್ಯಲು ಹೂಜಿ ಎತ್ತಿದರು. ಮೆನಹೇಮ ಕೈ ಹಿಂದೆಳೆದುಕೊಂಡ.

"ಸ್ವಾಮಿ, ತಪ್ಪು ತಿಳಿಯಬೇಡಿ. ಈ ಕೈತೊಳೆಯುವ ಶಾಸ್ತ್ರವೆಲ್ಲ ನಿಮ್ಮ ಹಿರಿಯರು ಹೊರಿಸಿದ ಹೊರೆ. ದೇವರು ಬರೆಸಿದ್ದಷ್ಟೇ ನನಗೆ ಸಾಕು," ಎಂದು ಹಾಗೆಯೇ ರೊಟ್ಟಿ ಮುರಿದ.

ಶಿಷ್ಯರ ಮುಖ ಕೆಂಪಾಯಿತು. ಗುರುಗಳು ಮಾತ್ರ ಹೂಜಿಯನ್ನು ಮೆಲ್ಲಗೆ ಕೆಳಗಿಟ್ಟು, "ಉಣ್ಣಪ್ಪಾ. ಹಸಿದಿದ್ದೀಯ," ಎಂದರು.

ಉಂಡಾದ ಮೇಲೆ ಅವನು ಬಂದ ಕಾರಣ ಹೇಳಿದ. ದಮಸ್ಕದಾಚೆಯ ಒಂದು ಛತ್ರದಲ್ಲಿ ಜ್ವರ ಬಂದ ಒಣಮೀನು ವ್ಯಾಪಾರಿಯೊಬ್ಬ ಬಿದ್ದಿದ್ದನಂತೆ. ಜೊತೆಯ ಸಾರ್ಥದ ವ್ಯಾಪಾರಿಗಳು ಅಂಟುಜಾಡ್ಯವೆಂದು ಬಿಟ್ಟು ಹೋಗಿದ್ದರು. ಇವನೊಬ್ಬನೇ ಉಳಿದು ಆರೈಕೆ ಮಾಡಿದ. ರೋಗಿ ತನ್ನ ಊರು, ಹೆಸರು, ಹೆಂಡತಿಯ ಹೆಸರು ಹೇಳಿದ. "ಶೆಲೋಮೀತಳಿಗೆ ಕಾಯಬೇಡ ಅಂತ ಹೇಳು," ಎಂದ. ಆಮೇಲೆ ಮಾತು ನಿಂತಿತು. ಅಂದಿನಿಂದ ಈ ಮಾತನ್ನು ತಲುಪಿಸಲೇಬೇಕೆಂದು ಊರೂರು ದಾರಿ ಕೇಳಿಕೊಂಡು ಬಂದಿದ್ದ ಮೆನಹೇಮ.

ಸುದ್ದಿ ಓಣಿಗೆ ಹಬ್ಬಿತು ನೋಡಿ! ಬಲೆ ಒಣಗಿಸುತ್ತಿದ್ದವರು ಬಲೆ ಬಿಟ್ಟು ಓಡಿಬಂದರು. ಪೆದಾಯ ಮಸಿ ಮೆತ್ತಿದ ಬೆರಳುಗಳಲ್ಲೇ ಬಂದ. ಶೆಲೋಮೀತ ಹಿಟ್ಟಿನ ಕೈಯಲ್ಲೇ ಬಂದು ಹೆಂಗಸರ ಹಿಂದೆ ನಿಂತಳು.

"ನಿನ್ನ ಜೊತೆ ಇದನ್ನು ನೋಡಿದವರು ಇನ್ನಾರು?" ಪೆದಾಯ ಕೇಳಿದ.

"ಯಾರೂ ಇಲ್ಲ. ನಾನೊಬ್ಬನೇ."

ಪೆದಾಯ ಹಿಂದೆ ನಿಂತ ಮಗಳ ಕಡೆ ನೋಡಿದ. "ಇಬ್ಬರು ಸಾಕ್ಷಿಗಳ ಬಾಯಿಂದಲೇ ಯಾವ ಮಾತಾದರೂ ನಿಲ್ಲಬೇಕು ಎಂದು ಮೋಶೆಯ ಶಾಸ್ತ್ರದಲ್ಲಿ ಬರೆದಿದೆ. ಬರೆದದ್ದಷ್ಟೇ ಸಾಕೆಂದು ನೀನೇ ಹೇಳಿದೆಯಂತೆ. ಬರೆದದ್ದನ್ನೇ ಹಿಡಿದರೆ ನಿನ್ನ ಮಾತು ಇಲ್ಲಿ ಮಾತೇ ಅಲ್ಲ. ನನ್ನ ಮಗಳು ಸಾಯುವತನಕ ಕಾಯಬೇಕು."

ಆಹಾ, ಆ ಗಳಿಗೆ ಮೆನಹೇಮನ ಮುಖ ನೋಡಬೇಕಿತ್ತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ. ಬಿದ್ದವನು ಒಬ್ಬನೇ ಬಿದ್ದಿದ್ದರೆ ಚಿಂತೆಯಿರಲಿಲ್ಲ, ಏನೂ ಅರಿಯದ ಆ ಹೆಣ್ಣನ್ನೂ ಎಳೆದುಕೊಂಡು ಬಿದ್ದಿದ್ದ. ಅವನು ಗುರುಗಳ ಕಡೆ ತಿರುಗಿ ಕೈಮುಗಿದ.

"ಸ್ವಾಮಿ, ನಾನು ಸುಳ್ಳು ಹೇಳುತ್ತಿಲ್ಲ. ಅವನು ನನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ನಾನೇ ಮಣ್ಣು ಮಾಡಿದೆ."

"ಅದರಲ್ಲೂ ನಜರೇಯನ ಮಾತು," ಎಂದು ಗುಂಪಿನಲ್ಲಿ ಯಾರೋ ಗೊಣಗಿದರು.

ಗುರುಗಳು ಮೆನಹೇಮನ ಹಣೆಯ ಗಾಯವನ್ನೇ ನೋಡುತ್ತಿದ್ದರು. "ಈ ಮಾತಿನಿಂದ ನಿನಗಿಲ್ಲಿ ಏನು ಸಿಕ್ಕಿತಪ್ಪಾ?"

"ಈ ಕಲ್ಲೇಟು, ಸ್ವಾಮಿ."

"ಕೇಳಿದಿರಾ," ಎಂದರು ಗುರುಗಳು ಊರವರಿಗೆ.

ಅನಂತರ ಅವರು ನಿಧಾನವಾಗಿ ನುಡಿದರು. "ಹಿಂದೆ ಒಂದು ಯುದ್ಧವಾಯಿತು. ಗಂಡಂದಿರು ಎಲ್ಲೆಲ್ಲೋ ಬಿದ್ದರು, ಇಬ್ಬಿಬ್ಬರು ಸಾಕ್ಷಿಗಳು ಎಲ್ಲಿಂದ ಬರಬೇಕು? ಆಗ ಹಿರಿಯರು ಕೂಡಿ, ಇಂಥ ಹೆಣ್ಣಿನ ವಿಷಯದಲ್ಲಿ ಒಂದೇ ಬಾಯಿ ಸಾಕು ಎಂದರು. ಹೀಗೆಂದು ನನ್ನ ಗುರುಗಳಿಂದ ಕೇಳಿದ್ದೇನೆ."

"ಎಲ್ಲಿ ಬರೆದಿದೆ, ಗುರುಗಳೇ?"

"ಎಲ್ಲೂ ಇಲ್ಲ, ಪೆದಾಯ."

"ನಿಮ್ಮ ಜೊತೆ ಕೇಳಿಸಿಕೊಂಡವರು?"

"ಯೆರೂಸಲೇಮಿನ ಜೊತೆ ಸುಟ್ಟುಹೋದರು. ಈಗ ನಾನೊಬ್ಬನೇ."

ಗುರುಗಳು ತಮ್ಮ ಕಾಲಡಿಯ ನೆಲವನ್ನು ತಾವೇ ಅಗೆದುಕೊಂಡಂತಾಗಿತ್ತು. ಒಂದು ಬಾಯಿಯನ್ನು ನಂಬಬಾರದೆಂದರೆ ರಬ್ಬಿಗಳ ಬಾಯನ್ನೂ ನಂಬಬೇಕಾಗಿಲ್ಲ; ಅತ್ತಿಮರದಡಿಯ ಅಷ್ಟೂ ವರ್ಷಗಳ ಪಾಠ ನೀರುಪಾಲು.

ಗುರುಗಳು ಮೆನಹೇಮನನ್ನು ಕೇಳಿದರು. "ನೀನು ನಿನ್ನ ಯೇಸುವನ್ನು ಕಂಡಿದ್ದೀಯಾ?"

"ಇಲ್ಲ ಸ್ವಾಮಿ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ..."

"ಅವರ ಮಾತು ಯಾವ ಸುರುಳಿಯಲ್ಲಿ ಓದಿದೆ?"

"ನಮ್ಮ ಕಡೆ ಸುರುಳಿ ಗಿರುಳಿ ಯಾವುದೂ ಬಂದಿಲ್ಲ. ನಮ್ಮ ಓಣಿಯಲ್ಲಿ ಮೀನು ಮಾರುವ ಅಜ್ಜಿಯೊಬ್ಬಳಿದ್ದಳು. ಚಿಕ್ಕವಳಿದ್ದಾಗ ಈ ದಂಡೆಯಲ್ಲೇ ಅವರ ಮಾತು ಕೇಳಿದ್ದಳು. ಅವಳು ಹೇಳಿದ್ದನ್ನೇ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕಣ್ಣು ತುಂಬಿ ಬಂತು.

"ಇನ್ನೊಂದು ಸಾಕ್ಷಿ ತಾ ಎಂದೆಯಾ ಆ ತಾಯಿಗೆ?"

"ಇಲ್ಲ ಸ್ವಾಮಿ. ಅವಳ ಮುಖ ನೋಡಿ ನಂಬಿದೆ."

ಪೆದಾಯ ಇನ್ನೂ ಕಲ್ಲಿನಂತೆ ನಿಂತೇ ಇದ್ದ. ಅವನನ್ನು ಕಲ್ಲೆದೆಯವನು ಎನ್ನಬೇಡಿ. ಅವನ ಭಯ ಅಪ್ಪನ ಭಯ. "ನಾಳೆ ಮತ್ತನ್ಯ ಬಾಗಿಲಿಗೆ ಬಂದು ನಿಂತರೆ, ಗುರುಗಳೇ? ಅಷ್ಟರಲ್ಲಿ ಇವಳು ಇನ್ನೊಬ್ಬನ ಮನೆ ಸೇರಿದ್ದರೆ? ಇವಳ ಗತಿಯೇನು, ಹುಟ್ಟುವ ಮಕ್ಕಳ ಗತಿಯೇನು?"

ಗುರುಗಳು ಎದ್ದು ಅವನ ಮಸಿಹತ್ತಿದ ಕೈಯನ್ನು ತಮ್ಮ ಕೈಯಲ್ಲಿ ಹಿಡಿದರು. "ಇಬ್ಬರು ಸಾಕ್ಷಿಗಳು ಬೇಕೆಂದು ಬರೆಸಿದವನೇ ವಿಧವೆಯನ್ನು ನೋಯಿಸಬೇಡ ಎಂದೂ ಬರೆಸಿದ್ದಾನೆ. ಎರಡನ್ನೂ ಈ ಕೈ ಎಷ್ಟು ಸಲ ಬರೆದಿಲ್ಲ, ಪೆದಾಯ? ಎರಡನ್ನೂ ಒಟ್ಟಿಗೆ ಹೇಗೆ ಬಾಳಬೇಕು ಎನ್ನುವುದನ್ನು ಮಾತ್ರ ಅವನು ನಮ್ಮ ಬಾಯಲ್ಲಿಟ್ಟ. ತಪ್ಪಾದರೆ ದೋಷ ನನ್ನ ತಲೆಗೆ. ಆದರೆ ನಂಬಬೇಕಾದವನು ನಾನೂ ಅಲ್ಲ, ನೀನೂ ಅಲ್ಲ." ಹೆಂಗಸರ ಕಡೆ ತಿರುಗಿದರು. "ಮಗಳೇ, ನೀನು ಕೇಳು. ನಿನಗೇನು ಕೇಳಬೇಕೋ ಕೇಳು."

ಶೆಲೋಮೀತ ಮುಂದೆ ಬಂದಳು. ಅಷ್ಟು ವರ್ಷ ಯಾರೂ ಅವಳನ್ನು ಏನೆಂದು ಕೇಳಿರಲಿಲ್ಲ. ಅವಳು ಮೆನಹೇಮನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅಣ್ಣಾ, ಕೊನೆಯಲ್ಲಿ ಅವರು ನೀರು ಕೇಳಿದರೇ?"

"ಕೇಳಿದರಮ್ಮಾ. ಕುಡಿಸಿದೆ. ಎರಡು ಗುಟುಕು ಇಳಿಯಿತು, ಮೂರನೆಯದು ಇಳಿಯಲಿಲ್ಲ."

ಅವಳು ಮತ್ತೇನೂ ಕೇಳಲಿಲ್ಲ. ತನ್ನ ಅಂಗಿಯ ಕೊರಳಪಟ್ಟಿಗೆ ಎರಡೂ ಕೈ ಹಾಕಿ ಸರ್ರನೆ ಹರಿದಳು. ಸತ್ತವರಿಗಾಗಿ ಬಟ್ಟೆ ಹರಿದುಕೊಂಡು ಅಳುವುದು ಅವರ ಪದ್ಧತಿ. ವರ್ಷಗಳಿಂದ ಗಂಟಲಲ್ಲೇ ಕಟ್ಟಿದ್ದ ಅಳು ಅತ್ತಿಮರದಡಿ ಹೊರಬಂತು. ಆ ಅಳು ಕೇಳಿ ಅಲ್ಲಿದ್ದವರೆಲ್ಲರ ಎದೆ ಹಗುರಾಯಿತೆಂದರೆ ನಂಬಬೇಕು. ಕಲ್ಲೆಸೆದವನೂ ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಇವಳು ಬಿಡುಗಡೆಯಾದವಳು," ಎಂದರು ಗುರುಗಳು. ಮತ್ತೆ ಹಗ್ಗ ಕೈಗೆತ್ತಿಕೊಂಡರು.

ಸೂತಕದ ಮನೆಯಲ್ಲಿ ಮೊದಲ ತುತ್ತು ಮನೆಯವರದಾಗಬಾರದು, ಹೊರಗಿನವರು ತರಬೇಕು. ಇದೂ ಹಿರಿಯರು ಬಾಯಿಂದ ಬಾಯಿಗೆ ಕೊಟ್ಟ ಮಾತೇ. ಅಂದು ಸಂಜೆ ಪೆದಾಯನ ಮನೆ ಬಾಗಿಲಿಗೆ ಒಬ್ಬ ಬೇಯಿಸಿದ ಬೇಳೆಯ ಮಡಕೆ ಹಿಡಿದುಕೊಂಡು ಬಂದು ನಿಂತ. ಮೆನಹೇಮ. ಹಿರಿಯರ ಮಾತು ಹೊರೆ ಎಂದಿದ್ದವನು ಅದನ್ನು ಎರಡೂ ಕೈಯಲ್ಲಿ ಹೊತ್ತು ತಂದಿದ್ದ. ಹೊಸ್ತಿಲು ದಾಟುವ ಧೈರ್ಯ ಅವನಿಗಾಗಲಿಲ್ಲ, ಮಡಕೆಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿದ.

ಪೆದಾಯ ಒಳಗಿಂದ ಹೂಜಿ ತಂದ. "ಬಾ ಮಗನೇ, ನಮ್ಮ ಜೊತೆ ಉಣ್ಣು. ತೊಳೆದರೂ ಸರಿ, ತೊಳೆಯದಿದ್ದರೂ ಸರಿ."

ಮೆನಹೇಮ ತನ್ನ ಯೇಸುವನ್ನು ಬಿಡಲಿಲ್ಲ. ಬಿಡೆಂದು ರಬ್ಬಿ ಎಲ್ಯಾಷೀಬರು ಅವನಿಗೆ ಎಂದೂ ಹೇಳಲಿಲ್ಲ. ಆದರೆ ಆ ಸಂಜೆ ಅವನು ಆ ಹೊಸ್ತಿಲ ಮುಂದೆ ಬಾಗಿ, ಒಬ್ಬ ಸಾಯುತ್ತಿದ್ದವನಿಗೆ ನೀರು ಕುಡಿಸಿ ಮಣ್ಣು ಕೊಟ್ಟ ಆ ಎರಡೂ ಕೈಗಳನ್ನು ಮುಂದೆ ಚಾಚಿದ. ಪೆದಾಯ ನೀರು ಹೊಯ್ದ.