ತಿರುಗಿ ನೋಡೋ ಕೊಕ್ಕರೆ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಬಾಯಲ್ಲಿ ಹಲ್ಲಿತ್ತಲ್ಲ, ಅದಕ್ಕೂ ಎಷ್ಟೋ ಮುಂಚೆ, ಸಮುದ್ರದ ದಡದಲ್ಲೊಬ್ಬ ಪಾಳೇಗಾರ ಇದ್ದನಂತೆ. ಅವನ ಹತ್ರ ಜಪಾನು ದೇಶದಿಂದ ಹಡಗಲ್ಲಿ ಬಂದ ಪಿಂಗಾಣಿ ಜಾಡಿ ಇತ್ತಂತೆ. ಮೈತುಂಬ ನೀಲಿ ಅಲೆ, ಅಲೆ ಮಧ್ಯೆ ಒಂಟಿಕಾಲಲ್ಲಿ ನಿಂತು ಕತ್ತು ಹಿಂದಕ್ಕೆ ತಿರುಗಿಸಿ ನೋಡೋ ಕೊಕ್ಕರೆ. ಅಂಥಾ ಜಾಡೀಲಿ ಇವನು ಉಪ್ಪಿನಕಾಯಿ ಹಾಕ್ಸಿದ್ದ. ಒಂದಿನ ಕದ್ದು ಕೈ ಹಾಕಿದ, ಹೋಳು ಹಿಡಿದ ಮುಷ್ಟಿ ಆಚೆ ಬರಲಿಲ್ಲ, ಹೋಳು ಬಿಡೋಕೆ ಮನಸ್ಸೂ ಬರಲಿಲ್ಲ, ಆಮೇಲೆ ಜಾಡೀನ ಕಂಬಕ್ಕೆ ಕುಟ್ಟಿದನಂತೆ. ಕಂಬಕ್ಕೇನೂ ಆಗಲಿಲ್ಲ.

ಆಮೇಲೆ ಕುಂಬಾರ ಬೈಲಪ್ಪನ್ನ ಕರೆಸಿ, ಇಂಥದ್ದೇ ಮಾಡ್ಕೊಡು, ಮೊದಲೆರಡು ಸಲ ಕೆಟ್ಟರೆ ಒಂದೊಂದು ಬೆರಳು ತಗೀತೀನಿ, ಮೂರನೇ ಸಲ ಕೆಟ್ಟರೆ ಪೂರ್ತಿ ಕೈ ಅಂದನಂತೆ.

ಮೊದಲನೇ ಸಲ ಕೊಕ್ಕರೆ ಕೋಳಿ ಥರ ಬಂತಂತೆ. ಕಿರುಬೆರಳು ಹೋಯ್ತು. ಅಳಬೇಡ ಕಂದಾ, ಕೋಳಿ ಚೆನ್ನಾಗೇ ಇತ್ತಂತೆ. ಎರಡನೇ ಸಲ ಕೊಕ್ಕರೇನೇ ಬಂತು, ಆದ್ರೆ ಅವಸರಕ್ಕೆ ಮಡಕೆ ಸುಡೋ ಆವಿಗೆ ಆರೋ ಮುಂಚೆನೇ ತೆಗೆದಿದ್ದಕ್ಕೆ ಸೀಳ್ತಂತೆ. ಇನ್ನೊಂದು ಬೆರಳೂ ಹೋಯ್ತು. ಮೂರನೇ ಸಲ ಆವಿಗೆನೇ ಕುಸಿದುಬಿತ್ತು. ಪಾಳೇಗಾರನಿಗೆ ಗೊತ್ತಾದರೆ ಪೂರ್ತಿ ಕೈನೇ ಹೋಗೋದು.

ಆಗ ಹೆಂಡತಿ ಮಾಳವ್ವ, ಹಿತ್ತಲಲ್ಲಿ ಸಾವಿನ ಮಡಕೆ ಇದೆಯಲ್ಲ, ಅದರ ಮೇಲೆ ಬರಿ ಅಂದಳಂತೆ. ಸಾವು ಹೇಳಿ ಬರಲ್ಲ ಅಂತ ಕುಂಬಾರರ ಮನೇಲಿ ಅದೊಂದು ಇದ್ದೇ ಇರುತ್ತೆ. ಹೇಗೂ ಸುಡುಗಾಡಲ್ಲಿ ಒಡೆಯೋದೇ ಅಂತ ತೆಳ್ಳಗೆ ಮಾಡಿರ್ತಾರೆ. ಒಡೆದ ಮೇಲೆ ಒಡೆದವನೂ, ಜೊತೇಲಿದ್ದವರೂ ತಿರುಗಿ ನೋಡದೆ ನಡೀಬೇಕು, ನೋಡಿದರೆ ಸಾವು ಹಿಂದೇನೇ ಬರುತ್ತೆ. ಅದನ್ನ ಕೊಡಬಾರದು ಕಣೇ ಅಂದ ಬೈಲಪ್ಪ. ಕೈ ಕೊಡಬಹುದಾ ಅಂದಳಂತೆ.

ಆಮೇಲೆ ಬರೆದು ತಗೊಂಡೋದ. ಪಾಳೇಗಾರ ಸಮುದ್ರಕ್ಕೆ ಮುಖ ಮಾಡಿ ಜಗಲಿ ಮೇಲೆ ಕೂತಿದ್ದ, ಪಕ್ಕದಲ್ಲಿ ಕತ್ತಿಯವನು. ಕೊಕ್ಕರೆ ನೋಡಿ ಖುಷಿಯೋ ಖುಷಿ. ತಟ್ಟಬೇಡಿ ಬುದ್ಧೀ ಅಂದನಂತೆ ಬೈಲಪ್ಪ. ಮಡಕೆ ತಟ್ಟದೆ ತಗೊಳ್ಳೋಕೆ ನಾನೇನು ದಡ್ಡನಾ ಅಂತ ಉಂಗುರದ ಬೆರಳಲ್ಲಿ ತಟ್ಟಿದ. ಫಳ್!

ಬುದ್ಧೀ, ಅದು ಸಾವಿನ ಮಡಕೆ.

ಕತ್ತಿಯವನೇ ಮೊದಲು ಬೆನ್ನು ಹಾಕಿ ಹೊರಟನಂತೆ. ಆಮೇಲೆ ಕಾವಲಿನವರು, ಆಮೇಲೆ ಪಾಳೇಗಾರನ ಹೆಂಡತಿ, ಆಮೇಲೆ ಬೈಲಪ್ಪ. ನಿಲ್ರೋ ಅಂದ ಪಾಳೇಗಾರ, ಯಾರು ತಿರುಗ್ತಾರೆ? ಆಮೇಲೆ ಅವನಿಗೂ ಭಯವಾಗಿ ಎದುರಿಗೇ ನಡೆದ. ಎದುರಿಗೆ ಸಮುದ್ರ. ತಿರುಗೋ ಹಾಗಿಲ್ವಲ್ಲ. ಮೊಣಕಾಲು ಮುಳುಗ್ತು, ಸೊಂಟ ಮುಳುಗ್ತು, ಆಮೇಲೆ ಪೇಟ ಒಂದೇ ತೇಲ್ತಿತ್ತಂತೆ.

ಯಾರು ನೋಡಿದ್ರಜ್ಜೀ ಅಂದ್ಯಾ? ಮಡಕೆ ಚೂರಲ್ಲಿದ್ದ ಕೊಕ್ಕರೆ. ಅದರ ಕತ್ತು ಹಿಂದಕ್ಕೇ ಇತ್ತಲ್ಲ.

ಬೈಲಪ್ಪ ಆ ಕೈಲಿ ಉಳಿದ ಮೂರು ಬೆರಳಲ್ಲೇ ನೀರಿನ ಕೊಡದ ಮೇಲೆಲ್ಲ ಅದೇ ಕೊಕ್ಕರೆ ಬರ್ಕೊಂಡು, ಮಾಳವ್ವನ ಜೊತೆ ಸುಖವಾಗಿದ್ದನಂತೆ. ಕತೆ ಮುಗೀತು. ಆ ಕಡೆ ತಿರುಗಿ ಮಲ್ಕೋ. ಹಿಂದೆ ನೋಡ್ಬೇಡ, ನೋಡೋಕೆ ನಾನಿದೀನಿ.