ಮಂಕಾಳಿಯ ಕರಟ

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲ. ನದಿ ಸಮುದ್ರ ಸೇರೋ ಅಳಿವೆಯ ದಂಡೆಮೇಲೆ ಒಂದೂರು. ಆ ಊರಲ್ಲಿ ಮಂಕಾಳಿ ಅಂತ ಒಬ್ಬ ವಿಧವೆ ಇದ್ದಳಂತೆ. ದೂರದ ದ್ವೀಪಗಳಿಂದ ಬಂದ ಹಡಗಿನವರು ಅವಳಿಗೊಂದು ಪಾನಕ ಕಲಿಸಿದ್ದರಂತೆ. ಪಾನಕ ಅಂದ ಕೂಡಲೇ ಬಾಯಿ ಚಪ್ಪರಿಸಬೇಡಿ! ಕಬ್ಬಿನ ಸಾರಾಯಿಗೆ ಅನಾನಸಿನ ರಸ, ನಿಂಬೆಹುಳಿ, ಎಳನೀರು, ಜಜ್ಜಿದ ಲವಂಗ. ಕೊಡೋದು ತೆಂಗಿನ ಕರಟದಲ್ಲಿ. ನಾಲಿಗೆಗೆ ಸಿಹಿ, ಕಾಲಿಗೆ ಯಮ. ಕುಡಿದವರಿಗೆ ಎದ್ದು ನಿಲ್ಲೋಕೆ ಹೋದಾಗಲೇ ಗೊತ್ತಾಗ್ತಿತ್ತಂತೆ.

ಅವಳಿಗೆ ಒಬ್ಬನೇ ಮಗ, ಜಟ್ಟ. ಊರಿನ ದೊಡ್ಡ ಮೀನುದೋಣಿಗೆ ತಾಂಡೇಲ, ಅಂದ್ರೆ ಚುಕ್ಕಾಣಿ ಹಿಡಿಯೋ ಯಜಮಾನ. ಅಳಿವೆಯ ಮರಳುದಿಣ್ಣೆ ಯಾವತ್ತು ಎಲ್ಲಿಗೆ ಸರಿದಿದೆ ಅಂತ ಅವನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಅವನಪ್ಪನನ್ನು ನುಂಗಿದ್ದೂ ಅದೇ ಅಳಿವೆ.

ಒಂದು ಸಂಜೆ ಸಮುದ್ರ ಗುರುಗುಡ್ತಿತ್ತಂತೆ. ಇವತ್ತು ಹೋಗಬೇಡ ಅಂದಳು ಮಂಕಾಳಿ. ಊರಿನ ಒಲೆಗಳೆಲ್ಲ ತಣ್ಣಗಿವೆ, ಹೋಗದಿದ್ರೆ ಹೇಗೆ ಅಂದನಂತೆ ಮಗ. ತಾಂಡೇಲನಿಲ್ಲದೆ ದೋಣಿ ಇಳಿಯೋದಿಲ್ಲ, ಎಲ್ಲರೂ ಉಳೀತಾರೆ ಅಂದುಕೊಂಡಳು. ಒಂದು ಕರಟ ಕುಡಿ ಮಗಾ ಅಂದಳು. ಆಮೇಲೆ ಇನ್ನೊಂದು, ಮತ್ತೊಂದು. ಅನಾನಸಿನ ರಸ ಜಾಸ್ತಿ ಹಾಕಿ ಸಾರಾಯಿಯ ಘಾಟು ಮರೆಸಿದಳಂತೆ. ಜಟ್ಟ ಚಾಪೆಮೇಲೆ ಹೆಣದ ಹಾಗೆ ಬಿದ್ದ. ಅವಳು ಸಮಾಧಾನದಿಂದ ಕದ ಹಾಕಿದಳು.

ದಂಡೆಯಲ್ಲಿ ಜೊತೆಗಾರರು ಕಾದರು, ಕೂಗಿದರು. ದೋಣಿಯನ್ನು ಕಡಲಿಗೆ ಒಯ್ಯೋ ಇಳಿತದ ನೀರು ತಪ್ಪಿಹೋಗುತ್ತೆ ಅಂತ ಕಡೆಗೆ ತಾವೇ ದೋಣಿ ನೂಕಿದರಂತೆ. ದಿಣ್ಣೆಗೆ ಬಡಿದು ದೋಣಿ ಮಗುಚಿತು. ಒಬ್ಬನೂ ವಾಪಸ್ ಬರಲಿಲ್ಲ. ಅಯ್ಯೋ, ಒಬ್ಬನೂ!

ಬೆಳಿಗ್ಗೆ ಹೆಂಗಸರ ಗೋಳು ಕೇಳಿ ಜಟ್ಟ ಎದ್ದ. ದಂಡೆಗೆ ಓಡಿ ಹೆಣಗಳನ್ನು ಒಂದೊಂದಾಗಿ ಎಳೆದು ತಂದ. ನಿನ್ನ ಉಳಿಸೋಕೆ ಮಾಡಿದೆನೋ ಅಂತ ಮಂಕಾಳಿ ಅವನ ಕೈ ಹಿಡಿದು ಅತ್ತಳಂತೆ. ಅವನು ಬೈಯಲಿಲ್ಲ.

“ನಾನಿದ್ದಿದ್ರೆ ಅವ್ರೂ ಉಳೀತಿದ್ರಲ್ಲವ್ವಾ” ಅಂದ.

ಅವಳ ಹತ್ತಿರ ಅವನು ಆಡಿದ ಕಡೇ ಮಾತು ಅದೇ ಅಂತಾರೆ. ಅದೇ ಮನೆಯಲ್ಲಿದ್ದ, ಅವಳು ಬಡಿಸಿದ ಗಂಜಿಯನ್ನೇ ಉಂಡ. ಸಾಯೋ ಹೊತ್ತಿಗೆ ಅವಳ ಬಾಯಿಗೆ ನೀರೂ ಬಿಟ್ಟ. ಮಾತಾಡಲಿಲ್ಲ. ತಪ್ಪು ಅವಳದೇ ಅನ್ನೋರು ಅನ್ನಲಿ, ನನಗಂತೂ ಆ ಹೆತ್ತಕರುಳು ನೆನೆದರೆ ಸಂಕಟವಾಗುತ್ತೆ.

ಈಗಲೂ ಆ ಊರಲ್ಲಿ ದೋಣಿ ಇಳಿಸೋ ಮುಂಚೆ ತಾಂಡೇಲನ ತಾಯಿ ಒಂದು ಕರಟ ಪಾನಕ ತರ್ತಾಳೆ. ಸಾರಾಯಿ ಒಂದು ಹನಿಯೂ ಇರೋದಿಲ್ಲ. ದೋಣಿಯವರೆಲ್ಲ ಅದರಿಂದಲೇ ಒಂದೊಂದು ಗುಟುಕು ಕುಡೀಬೇಕು. ಒಬ್ಬನು ಬರದಿದ್ದರೂ ಪಾನಕ ಮರಳಿಗೆ ಚೆಲ್ಲಿ ಎಲ್ಲರೂ ಮನೆಗೆ ಹೋಗ್ತಾರೆ. ಎಲ್ಲರೂ ಬಂದಿದ್ದರೂ ಅಷ್ಟಕ್ಕೇ ಹೊರಡೋದಿಲ್ಲ. ತಾಂಡೇಲ ತಾಯಿಯ ಮುಖ ನೋಡಿ, “ಅವ್ವಾ, ಹೋಗಿ ಬರ್ತೇನೆ” ಅಂತ ಬಾಯಿಬಿಟ್ಟು ಹೇಳೋವರೆಗೂ ದೋಣಿಗೆ ಯಾರೂ ಕೈ ಹಚ್ಚೋದಿಲ್ಲ.