ಕಾಟಿಗೆ ಬಿಳಿ ಕಾಲು ಬಂದ ಬಗೆ

ಭೂಮಿ ಇನ್ನೂ ಸುಡದ ಮಡಕೆಯ ಹಾಗೆ ಹಸಿಯಾಗಿದ್ದ ಕಾಲ ಅದು. ಬೆಟ್ಟದ ಮೇಲೆ ಬೆರಳಿಟ್ಟರೆ ಬೆರಳಿನ ಗುರುತು ಮೂಡುತ್ತಿತ್ತು. ಸೂರ್ಯನಿಗೆ ದಾರಿ ಇನ್ನೂ ರೂಢಿಯಾಗಿರಲಿಲ್ಲ. ಕೆಲವು ದಿನ ತಡವಾಗಿ ಬರುತ್ತಿದ್ದ, ಬಂದು ಕೆಂಪಗೆ ನಾಚಿಕೊಳ್ಳುತ್ತಿದ್ದ.

ಆ ಕಾಲದಲ್ಲಿ ಕಾಟಿಯ ಕಾಲು ಬೆಳ್ಳಗಿರಲಿಲ್ಲ. ಕಾಟಿ ಅಂದರೆ ಕಾಡಿನ ದೊಡ್ಡ ದನ, ಮನೆಯ ಬಾಗಿಲಿನಷ್ಟು ಎತ್ತರ. ಅದರ ಹಣೆ ಕಪ್ಪು, ಬೆನ್ನು ಕಪ್ಪು, ಗೊರಸಿನವರೆಗೆ ಕಾಲೂ ಕಪ್ಪು.

ಆಗ ಎಲ್ಲರಿಗೂ ಒಂದೇ ಭಾಷೆ. ಅಳಿಲು ಆಡಿದ್ದು ಅಜ್ಜಿಗೆ ತಿಳಿಯುತ್ತಿತ್ತು, ಅಜ್ಜಿ ಬೈದದ್ದು ಹೊಳೆಗೆ ತಿಳಿಯುತ್ತಿತ್ತು. ಆದರೆ ಆ ಭಾಷೆಯಲ್ಲಿ ಒಂದು ಮಾತು ಇನ್ನೂ ಹುಟ್ಟಿರಲಿಲ್ಲ. ಯಾವ ಮಾತು ಅಂತ ಆಮೇಲೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ.

ಹೊಸ ಲೋಕದಲ್ಲಿ ಮಾತು ಬಹಳ ಭಾರ. ಬಾಯಿಂದ ಬಿದ್ದದ್ದು ಬಿದ್ದ ಹಾಗೆಯೇ ಆಗುತ್ತಿತ್ತು. "ಹೋಗ್ತೀನಿ" ಅಂದವರು ಹೋಗಿಯೇ ಬಿಡುತ್ತಿದ್ದರು, ತಿರುಗಿ ಬರುತ್ತಿರಲಿಲ್ಲ. ಒಂದು ನಕ್ಷತ್ರ "ಹೋಗ್ತೀನಿ" ಅಂದಿತು, ಹೋಯಿತು. ಬೆಟ್ಟದ ತುದಿಯ ಬಂಡೆಯೊಂದು "ಹೋಗ್ತೀನಿ" ಅಂದಿತು, ಉರುಳಿ ಹೋಯಿತು. ಅದಕ್ಕೇ ಸೌದೆಗೆ ಹೋಗುವವರಾಗಲಿ ಹೊಲಕ್ಕೆ ಹೋಗುವವರಾಗಲಿ, ಏನೂ ಹೇಳದೆ ಸುಮ್ಮನೆ ಎದ್ದು ಹೋಗುತ್ತಿದ್ದರು.

ಹೊಳೆ ಮಾತ್ರ ಹೇಳುತ್ತಲೇ ಇತ್ತು. ಕಲ್ಲು ಕಲ್ಲಿಗೂ "ಹೋಗ್ತೀನಿ, ಹೋಗ್ತೀನಿ" ಅನ್ನುತ್ತಾ ಇಳಿಯುತ್ತಿತ್ತು. ಹೋದ ನೀರು ಹೋಯಿತು.

ಬೆಟ್ಟದ ಬುಡದಲ್ಲಿ ಆ ಹೊಳೆಯ ನೀರು ಕುಡಿದು ಬದುಕುವ ಒಂದು ಸಂಸಾರವಿತ್ತು. ದ್ಯಾವಜ್ಜಿ, ಅವಳ ಮಗಳು ನೀಲಿ, ಅಳಿಯ ಕೆಂಚ, ಮೊಮ್ಮಗಳು ಮೊಗ್ಗಿ. ಒಂದು ಬೇಸಿಗೆಯಲ್ಲಿ ಹೊಳೆ ತೆಳ್ಳಗಾಯಿತು. ಸೀರೆಯಷ್ಟಿದ್ದದ್ದು ಪಂಚೆಯಷ್ಟಾಯಿತು, ಪಂಚೆಯಷ್ಟಿದ್ದದ್ದು ದಾರದಷ್ಟಾಯಿತು.

"ಮೇಲೆ ಏನಾಗಿದೆ ಅಂತ ನೋಡಬೇಕು," ಅಂದಳು ದ್ಯಾವಜ್ಜಿ.

"ನಾನೊಬ್ಬನೇ ನೋಡಿದ್ರೆ ಸಾಲದಾ ಅತ್ತೆ? ನಿಮ್ಮ ಮಂಡಿ ನೋವು..."

"ಮಂಡಿ ನನ್ನದು. ನೋವೂ ನನ್ನದು. ನೀವು ಬುತ್ತಿ ಹೊತ್ಕೊಳ್ಳಿ ಅಳಿಯಂದ್ರೆ."

ಹೀಗೆ ನಾಲ್ಕೂ ಜನ ಹೊರಟರು. ರೊಟ್ಟಿ, ಬೆಲ್ಲ, ಒಂದು ಕಂಬಳಿ, ಸೋರೆ ಬುರುಡೆಯ ತುಂಬ ನೀರು. ಮೇಲೆ ಒಂದು ರಾತ್ರಿ ತಂಗಬೇಕಾದೀತು ಅಂತ ಮನಸ್ಸಿನಲ್ಲೇ ಅಂದುಕೊಂಡರು.

ಮೊದಲ ತಿರುವಿನಲ್ಲಿ ಕೆಂದಳಿಲು ಕೊಂಬೆಯಿಂದ ತಲೆಕೆಳಗಾಗಿ ಜೋತು ಬಿದ್ದಿತ್ತು. ಬಾಲ ಕಂದು, ಹೊಟ್ಟೆ ಬೆಣ್ಣೆಯ ಬಣ್ಣ.

"ಎಲ್ಲಿಗೆ ಹೊರಟ್ರಿ?" ಅಂತ ಕೇಳಿತು.

ದ್ಯಾವಜ್ಜಿ ನಿಂತಲ್ಲೇ ಕೂತಳು. "ಹೊರಟವರನ್ನ ಎಲ್ಲಿಗೆ ಅಂತ ಕೇಳ್ತಾರೇನೋ, ಬುದ್ಧಿ ಇಲ್ಲದವನೆ? ಈಗ ಕೂತು ನೀರು ಕುಡಿದೇ ಏಳಬೇಕು." ಎಲ್ಲರೂ ಕೂತರು, ನೀರು ಕುಡಿದರು, ಎದ್ದರು.

ಅಳಿಲಿಗೆ ಇದು ಬಹಳ ಇಷ್ಟವಾಯಿತು. ಮರದಿಂದ ಮರಕ್ಕೆ ಹಾರಿ ಎರಡನೆಯ ತಿರುವಿಗೆ ಮುಂಚೆಯೇ ಬಂದು ಕಾದಿತ್ತು. "ಎಲ್ಲಿಗೆ ಹೊರಟ್ರಿ?" ಮತ್ತೆ ಕೂತರು, ಕುಡಿದರು, ಎದ್ದರು. ಮೂರನೆಯ ತಿರುವಿನಲ್ಲೂ ಅದೇ. "ಎಲ್ಲಿಗೆ ಹೊರಟ್ರಿ?"

"ಹೀಗಾದ್ರೆ ನಾವು ಬೆಟ್ಟ ಹತ್ತೋದು ಯಾವಾಗ ಅತ್ತೆ?" ಅಂದ ಕೆಂಚ.

"ಅದು ಬಾಯಿ ಮುಚ್ಚಿದಾಗ," ಅಂದಳು ಅಜ್ಜಿ. ಬೆಲ್ಲದ ಉಂಡೆಯೊಂದನ್ನು ಅಳಿಲಿನ ಬಾಯಿಗೆ ತುರುಕಿದಳು. ಹಲ್ಲಿಗೆ ಹಲ್ಲು ಅಂಟಿಕೊಂಡಿತು, ಅದು ಸುಮ್ಮನಾಯಿತು. ಅಷ್ಟರಲ್ಲಿ ಬುರುಡೆಯ ನೀರೂ ಮುಗಿದಿತ್ತು.

ನೆತ್ತಿಯ ಮೇಲೆ ಯಾರೋ ಮೊರ ಬೀಸಿದ ಹಾಗೆ ಸದ್ದಾಯಿತು. ಮಂಗಟ್ಟೆ ಹಕ್ಕಿ! ದೊಡ್ಡ ಕೊಕ್ಕು ಮುಂದೆ, ಮೈ ಹಿಂದೆ, ಕಣಿವೆಯ ಮೇಲೆ ತೇಲಿ ಹೋಯಿತು. ಮೊಗ್ಗಿಗೆ ಅದರ ಹಿಂದೆ ಓಡುವ ಆಸೆ. ಕಾಲು ಆಗಲೇ ಓಡುತ್ತಿತ್ತು, ಬಾಯಿ ಮರೆತು ಹೇಳಿಬಿಟ್ಟಿತು: "ಅವ್ವಾ, ನಾನು ಹೋಗ್..."

ನೀಲಿ ಹಾರಿ ಬಂದು ಅವಳ ಬಾಯಿ ಮುಚ್ಚಿದಳು. ಕಾಡೆಲ್ಲ ತಣ್ಣಗಾಯಿತು. ಹೊಸ ಲೋಕದಲ್ಲಿ ಬಾಯಿಂದ ಹೊರಟ ಮಾತನ್ನು ಒಳಗೆಳೆದುಕೊಳ್ಳಲು ಆಗುವುದಿಲ್ಲ, ಗೊತ್ತಲ್ಲ. ಅರ್ಧ ಮಾತು ಗಾಳಿಯಲ್ಲಿ ನೇತಾಡುತ್ತಾ ಉಳಿದರ್ಧಕ್ಕೆ ಕಾಯುತ್ತಿತ್ತು.

ಅವ್ವನ ಬೆರಳ ಸಂದಿಯಿಂದ, ಹೆದರಿಕೆಯಲ್ಲಿ, ಮೊಗ್ಗಿ ಏನೋ ಒಂದು ಹೇಳಿ ಮುಗಿಸಿದಳು: "...ಗಿ, ಬರ್ತೀನಿ!"

ಅಜ್ಜಿ ನಕ್ಕಳು. "ಹೋಗೋದಾ, ಬರೋದಾ? ಯಾವುದಾದರೂ ಒಂದು ಹೇಳೇ ಹುಡುಗಿ."

"ಎರಡೂ," ಅಂದಳು ಮೊಗ್ಗಿ.

ಅವಳ ಕಾಲು ಅವಳನ್ನು ಎಳೆದುಕೊಂಡು ಹೋಯಿತು. ನೀಲಿ ಉಸಿರು ಬಿಗಿಹಿಡಿದು ನಿಂತಳು. ಮೊಗ್ಗಿ ತಿರುವಿನ ಆಚೆ ಮರೆಯಾದಳು. ಸ್ವಲ್ಪ ಹೊತ್ತಿಗೆ, ಕೈಯಲ್ಲೊಂದು ಕಪ್ಪು ಗರಿ ಹಿಡಿದುಕೊಂಡು, ಅದೇ ತಿರುವಿನಿಂದ ತಿರುಗಿ ಬಂದಳು. ದೊಡ್ಡವರು ಉಸಿರು ಬಿಟ್ಟು, ಪುಣ್ಯ ಅಂದುಕೊಂಡರು. ಅವಳು ಆಡಿದ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಕ್ಕಳ ಮಾತನ್ನು ಯಾರು ತೆಗೆದುಕೊಳ್ಳುತ್ತಾರೆ?

ಇಳಿಹೊತ್ತಿಗೆ ಕಾಡು ಮುಗಿಯಿತು. ಮುಂದೆ ಬರೀ ಹುಲ್ಲು, ಹುಲ್ಲಿನ ಮೇಲೆ ಆಕಾಶ. ದೂರದ ಬೋರೆಗುಡ್ಡದಲ್ಲಿ ಕಡವೆಯೊಂದು ಕಿವಿ ಅಗಲಿಸಿ ನೋಡಿತು, ಏನೂ ಹೇಳದೆ ಇಳಿದು ಹೋಯಿತು. ಹುಲ್ಲಿನ ನಡುವೆ ಹೊಳೆ ಹುಟ್ಟುವ ಗುಂಡಿ. ಅದರ ತಳದಲ್ಲಿ ಹನಿ ಹನಿ, ಅಷ್ಟೇ. ಗುಂಡಿಯ ದಡದಲ್ಲಿ ತಾಯಿ ಕಾಟಿ ನಿಂತಿತ್ತು. ಅದರ ಕಾಲ ನಡುವೆ ಮೂರು ದಿನದ ಕರು, ಜೇನಿನ ಬಣ್ಣದ್ದು, ಮಲಗಿತ್ತು.

"ಕೆಳಗಿನವರಾ?" ಅಂದಿತು ಕಾಟಿ. "ಎಲ್ಲ ನಿಮ್ಮ ಕಡೆಗೇ ಹರಿದು ಹೋಯ್ತಲ್ಲ, ಇನ್ನೇನು ನೋಡೋಕೆ ಬಂದ್ರಿ?"

"ನಮಗೂ ದಾರದಷ್ಟೇ ಬರ್ತಿರೋದು, ತಾಯಿ," ಅಂದಳು ದ್ಯಾವಜ್ಜಿ.

"ಅಜ್ಜಮ್ಮ, ನನಗೆ ನೀರಿಲ್ಲ, ಅದಕ್ಕೆ ಹಾಲಿಲ್ಲ. ಇದಕ್ಕೆ ಇನ್ನೂ ನಡೆಯೋಕೆ ಬರಲ್ಲ. ನಾಳೆ ಮಧ್ಯಾಹ್ನದವರೆಗೆ ಇದು ತಡೆದೀತಾ?"

ಕೆಂಚ ಬುರುಡೆಯನ್ನು ತಲೆಕೆಳಗು ಮಾಡಿದ. ಒಂದು ಹನಿಯೂ ಬೀಳಲಿಲ್ಲ. ಅತ್ತೆಯ ಮುಖ ನೋಡಿದ. ಅತ್ತೆ ಬೇರೆ ಕಡೆ ನೋಡಿದಳು.

ನಾಲ್ಕು ಕೋಲು ನೆಟ್ಟು, ಮೇಲೆ ಕಂಬಳಿ ಕಟ್ಟಿ, ಮಲಗುವ ಜಾಗ ಮಾಡಿಕೊಂಡರು. ಆಗ ಕಣಿವೆಯ ಕಡೆಯಿಂದ ಮೆಲ್ಲಗೆ, ಸದ್ದಿಲ್ಲದೆ, ಮಂಜು ಬಂತು.

ಆ ಕಾಲದ ಮಂಜಿಗೆ ಮನೆ ಇರಲಿಲ್ಲ. ಲೋಕ ಹುಟ್ಟಿದಂದಿನಿಂದ ಅದು ಅಲೆಯುತ್ತಿತ್ತು. ಯಾರ ಬಾಗಿಲಿಗೆ ಹೋದರೂ "ಎಲ್ಲ ಒದ್ದೆ ಮಾಡ್ತೀಯ, ಆಚೆ ಹೋಗು" ಅನ್ನುತ್ತಿದ್ದರು. ಅದಕ್ಕೆ ದನಿಯೂ ಸಣ್ಣಗಾಗಿತ್ತು.

"ಅಕ್ಕಾ, ಒಂದು ರಾತ್ರಿ ಇಲ್ಲಿ ಮಲಗಲಾ?"

ಕಾಟಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಆದರೂ ಅಂದಿತು, "ಮಲಗು. ಕರುವಿಗೆ ಬಿಸಿಲು ತಾಗಿ ಮೈ ಸುಡ್ತಾ ಇದೆ. ಅದರ ಪಕ್ಕದಲ್ಲೇ ಮಲಗು."

ಮಂಜು ಹುಲ್ಲಿನ ಮೇಲೆ ಮೈ ಚಾಚಿತು. ಕರುವನ್ನು ಸುತ್ತಿಕೊಂಡಿತು, ಕಾಟಿಯ ನಾಲ್ಕೂ ಕಾಲನ್ನು ಮಂಡಿಯವರೆಗೆ ಸುತ್ತಿಕೊಂಡಿತು. ಲೋಕ ಹುಟ್ಟಿದ ಮೇಲೆ ಅದಕ್ಕೆ ಬಂದ ಮೊದಲ ನಿದ್ದೆ. ಕಾಲು ಕದಲಿಸಿದರೆ ಎಚ್ಚರವಾದೀತು ಅಂತ ಕಾಟಿ ಬೆಳಗಾಗುವವರೆಗೂ ಒಂದು ಹೆಜ್ಜೆಯೂ ಎತ್ತಲಿಲ್ಲ.

ಬೆಳಕು ಬಂದಾಗ ಮೊಗ್ಗಿ ಕಂಬಳಿಯಿಂದ ತಲೆ ಹೊರಗೆ ಹಾಕಿದಳು. ಒಂದೊಂದು ಹುಲ್ಲಿನ ತುದಿಗೂ ಒಂದೊಂದು ಹನಿ. ಹನಿ ಹನಿಯನ್ನು ಮುಟ್ಟುತ್ತಿತ್ತು, ಕೂಡಿ ಜಾರುತ್ತಿತ್ತು, ಗುಂಡಿಗೆ ಇಳಿಯುತ್ತಿತ್ತು. ಗುಂಡಿ ಗುಳುಗುಳು ಅನ್ನುತ್ತಿತ್ತು. ಕಾಟಿ ಕತ್ತು ಬಗ್ಗಿಸಿ ಕುಡಿಯಿತು, ಕುಡಿಯಿತು, ಕುಡಿಯುತ್ತಲೇ ಇತ್ತು. ಬಿಸಿಲು ಒಂದು ಮಾರು ಏರುವಷ್ಟರಲ್ಲಿ ಕರು ಕೆಚ್ಚಲಿಗೆ ಮೂತಿ ಇಟ್ಟಿತ್ತು.

"ಹೊಳೆಗೆ ನೀರು ಎಲ್ಲಿಂದ ಬರಬೇಕು ಅಂತ ಈಗ ಗೊತ್ತಾಯ್ತು," ಅಂದಳು ದ್ಯಾವಜ್ಜಿ.

ಅಷ್ಟರಲ್ಲಿ ಸೂರ್ಯ ಮಂಜಿನ ಬೆನ್ನು ತಟ್ಟಿದ. ಮಂಜಿಗೆ ಎಚ್ಚರವಾಯಿತು. ಬಿಸಿಲು ಬಂದ ಮೇಲೆ ಅದು ಏಳಲೇಬೇಕು. ಎದ್ದು ನಿಂತು, ಬಹಳ ಮರ್ಯಾದೆಯಿಂದ ಕಾಟಿಗೆ ತಲೆ ಬಾಗಿಸಿತು.

"ಅಕ್ಕಾ, ನಾನಿನ್ನು..."

"ಹೇಳಬೇಡ!" ಅಂತ ಕಾಟಿ ಕೂಗಿತು. "ಹೇಳಬೇಡ!" ಅಂತ ಅಜ್ಜಿ ಕೂಗಿದಳು. "ಸುಮ್ಮನೆ ಎದ್ದು ಹೋಗು ಮಾರಾಯ!" ಅಂದ ಕೆಂಚ.

ಮಂಜಿಗೆ ಬೇಸರವಾಯಿತು. "ಜಾಗ ಕೊಟ್ಟವರಿಗೆ ಒಂದು ಮಾತೂ ಹೇಳದೆ ಎದ್ದು ಹೋಗ್ತಾರಾ? ನನಗೆ ಮನೆ ಇಲ್ಲ ನಿಜ. ನಡತೆ ಇಲ್ಲವಾ?" ಅಂದಿತು. ಅಂದು, ಹೇಳಿಯೇ ಬಿಟ್ಟಿತು: "ಅಕ್ಕಾ, ನಾನು ಹೋಗ್..."

ಅರ್ಧ ಮಾತು ಹೊರಗೆ ಬಿತ್ತು. ಹುಲ್ಲಿನ ಮೇಲಿನ ಹನಿಗಳೆಲ್ಲ ನಡುಗಿದವು. ಮಂಜಿನ ಅಂಚು ಆಗಲೇ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಕಾಟಿ ಕರುವಿನ ಮೇಲೆ ಬಾಗಿ ಕಣ್ಣು ಮುಚ್ಚಿತು.

"...ಗಿ, ಬರ್ತೀನಿ ಅನ್ನು!" ಮೊಗ್ಗಿ ಓಡಿ ಬಂದು ಮಂಜಿನೊಳಗೇ ನುಗ್ಗಿದಳು. "ಹೋಗಿ ಬರ್ತೀನಿ ಅನ್ನು! ನಾನು ಅಂದೆ. ಹೋದೆ, ಬಂದೆ!"

ಹೋಗಿ ಬರ್ತೀನಿ. ಆ ಮಾತನ್ನು ಮಂಜು ಎಂದೂ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಬಾಯಲ್ಲಿ ಒಮ್ಮೆ ಮೆಲ್ಲಗೆ ಹೊರಳಿಸಿ ನೋಡಿತು. ಸಿಹಿಯಾಗಿತ್ತು.

"ಹೋಗ್... ಹೋಗಿ ಬರ್ತೀನಿ, ಅಕ್ಕಾ."

ಹನಿಗಳ ನಡುಕ ನಿಂತಿತು.

"ತಾಳು," ಅಂದಳು ದ್ಯಾವಜ್ಜಿ, ಸೊಂಟಕ್ಕೆ ಕೈ ಇಟ್ಟುಕೊಂಡು. "ಮಾತು ಹೊಸದು. ನಿನ್ನೆ ಹುಟ್ಟಿದ್ದು. ಇದನ್ನ ನಂಬಿ ಕರುವಿನ ಜೀವ ಪಣಕ್ಕೆ ಇಡೋಕಾಗುತ್ತಾ? ತಿರುಗಿ ಬರೋರು ಏನಾದರೂ ಬಿಟ್ಟು ಹೋಗಬೇಕು."

"ನನ್ನ ಹತ್ತಿರ ಏನಿದೆ ಅಜ್ಜಮ್ಮ? ಗಂಟಿಲ್ಲ, ಮೂಟೆಯಿಲ್ಲ."

"ಸೆರಗಾದರೂ ಇದೆಯಲ್ಲ."

ಮಂಜು ಕೆಳಗೆ ನೋಡಿಕೊಂಡಿತು. ಅದರ ಸೆರಗು ಕಾಟಿಯ ಕಾಲಿಗೆ ಇನ್ನೂ ಸುತ್ತಿತ್ತು. ಅದನ್ನು ಬಿಚ್ಚಿಕೊಳ್ಳಲಿಲ್ಲ. ಅಲ್ಲೇ ಹರಿದು ಬಿಟ್ಟು, ಹಗುರವಾಗಿ ಎದ್ದು, ಬೆಟ್ಟದ ತಲೆ ದಾಟಿ ಹೋಯಿತು.

ಕಾಟಿ ತನ್ನ ಕಾಲು ನೋಡಿಕೊಂಡಿತು. ಮಂಡಿಯಿಂದ ಕೆಳಗೆ ನಾಲ್ಕೂ ಬೆಳ್ಳಗಾಗಿದ್ದವು.

ಮಧ್ಯಾಹ್ನವಾಯಿತು. ರೊಟ್ಟಿ ಮುಗಿಯಿತು. "ಇಳಿಯೋಣ ಅತ್ತೆ, ಕತ್ತಲಾಗೋದರೊಳಗೆ ಮನೆ ಸೇರಬೇಕು," ಅಂದ ಕೆಂಚ.

"ಅದು ಬಂದದ್ದನ್ನ ಕಣ್ಣಾರೆ ನೋಡದೆ ನಾನು ಇಲ್ಲಿಂದ ಏಳೋದಿಲ್ಲ."

"ಬರದೇ ಇದ್ರೆ?"

"ಬರದೇ ಇದ್ರೆ ಅಂತ ನೀವು ಬಾಯಲ್ಲಿ ಅನ್ನಬೇಡಿ. ಮಾತು ಭಾರ."

ನಾಲ್ವರೂ ಕಣಿವೆಯ ಕಡೆ ಮುಖ ಮಾಡಿ ಕೂತರು. ಕಾಟಿಯೂ ನೋಡುತ್ತಾ ನಿಂತಿತು. ಕರು ಮೊದಲ ಬಾರಿ ನಾಲ್ಕು ಹೆಜ್ಜೆ ಇಟ್ಟು, ಐದನೆಯದರಲ್ಲಿ ಬಿದ್ದು, ತಾನೇ ಎದ್ದಿತು. ಬಿಸಿಲು ಹಳದಿಯಾಯಿತು. ಏನೂ ಕಾಣಲಿಲ್ಲ. ಬಿಸಿಲು ಕೆಂಪಾಯಿತು. ಆಗಲೂ ಕಾಣಲಿಲ್ಲ.

ಆಮೇಲೆ ಕಣಿವೆಯ ಕೆಳಗೆ, ಹಾಲು ಉಕ್ಕುವ ಮುಂಚೆ ಅಂಚಿನಲ್ಲಿ ಬೆಳ್ಳಗಾಗುತ್ತದಲ್ಲ, ಹಾಗೆ ಆಯಿತು. ಮೆಲ್ಲಗೆ, ಸದ್ದಿಲ್ಲದೆ, ಹುಲ್ಲಿನ ಮೇಲೆ ಮಂಜು ನಡೆದು ಬಂತು. ಈಗ ಅದರ ದನಿ ಸಣ್ಣಗಿರಲಿಲ್ಲ.

"ಅಕ್ಕಾ, ಬಂದೆ."

ದ್ಯಾವಜ್ಜಿ ಮೂಗು ಒರೆಸಿಕೊಂಡಳು. "ಚಳಿ," ಅಂದಳು. ಯಾರೂ ಏನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಂಬಳಿ ಬಿಚ್ಚಿ ಮಡಿಸಿ ಹೊರಟರು. ಮೊಗ್ಗಿ ಮುಂದೆ ಓಡಿ ಹೊಳೆಗೂ ಆ ಮಾತು ಕಲಿಸಲು ನೋಡಿದಳು. ಆದರೆ ಹೊಳೆ ತಾನೇ ಗಟ್ಟಿಯಾಗಿ ಮಾತಾಡುತ್ತಿತ್ತು, ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಇವತ್ತಿಗೂ ಹೊಳೆ ಬೆಟ್ಟ ಹತ್ತಿ ತಿರುಗಿ ಬರುವುದಿಲ್ಲ, ಮಂಜು ಬರುತ್ತದೆ.

ದ್ಯಾವಜ್ಜಿ ಎಲ್ಲರಿಗಿಂತ ಹಿಂದೆ ಉಳಿದಳು. ಮಂಡಿ ಎರಡೂ ಬಾತುಕೊಂಡಿದ್ದವು. ಇನ್ನೊಮ್ಮೆ ಈ ಬೆಟ್ಟ ಹತ್ತಲಾರೆ ಅಂತ ಅವಳಿಗೆ ಗೊತ್ತಿತ್ತು. ಆಡಿದರೆ ಮಾತು ಆಗಲೇಬೇಕು, ಅದೂ ಗೊತ್ತಿತ್ತು. ಕಾಟಿ ಅವಳನ್ನೇ ನೋಡುತ್ತಿತ್ತು.

ಅಜ್ಜಿ ಒಂದು ಗಳಿಗೆ ಕೋಲು ಊರಿ ನಿಂತಳು. ಆಮೇಲೆ ಹೆಗಲ ಮೇಲಿನ ಕಂಬಳಿ ತೆಗೆದು ಗುಂಡಿಯ ಪಕ್ಕದ ಬಂಡೆಯ ಮೇಲೆ ಇಟ್ಟಳು.

"ಹೋಗಿ ಬರ್ತೀನಿ, ತಾಯಿ," ಅಂದಳು.

ಅಂದ ಮೇಲೆ ಏನು ಮಾಡುವುದು? ಬರಲೇಬೇಕಾಯಿತು. ವರ್ಷ ವರ್ಷವೂ, ಮಂಡಿಯನ್ನು ಬೈದುಕೊಳ್ಳುತ್ತಾ, ಅಳಿಯನನ್ನು ರೇಗಿಸುತ್ತಾ ಬಂದಳು. ಅವಳಾದ ಮೇಲೆ ಮೊಗ್ಗಿ ಬಂದಳು, ಮೊಗ್ಗಿಯ ಮಕ್ಕಳು ಬಂದರು. ಈಗ ನೀವು ಬಂದು ಇಲ್ಲೇ ಟೆಂಟ್ ಹಾಕಿದ್ದೀರಿ.

ಮಾತು ಈಗ ಹಗುರವಾಗಿದೆ, ಮಕ್ಕಳೇ. ಬರ್ತೀನಿ ಅಂತ ಹೇಳಿ ಬಾರದವರು ಎಷ್ಟೋ ಜನ. ಮಂಜು ಮಾತ್ರ ಮಾತಿನ ಹಳೆಯ ಭಾರವನ್ನು ಇನ್ನೂ ಮರೆತಿಲ್ಲ.

ಬೆಳಿಗ್ಗೆ ಟೆಂಟಿನ ಬಾಗಿಲು ಸರಿಸಿ, ಸದ್ದು ಮಾಡದೆ ನೋಡಿ: ಹುಲ್ಲಿನ ಬೋರೆಯ ಮೇಲೆ ಮೇಯುವ ಕಾಟಿಗಳ ಕಾಲು ಮಂಡಿಯಿಂದ ಕೆಳಗೆ ಬೆಳ್ಳಗೆ ಕಾಣುತ್ತದಲ್ಲ, ಅದು ತಿರುಗಿ ಬರುತ್ತೇನೆ ಅಂದ ಮಂಜು ಅಂದು ಬಿಟ್ಟು ಹೋದ ಸೆರಗು.